ಗಟ್ಟಿಯಾಗದ ಛಾವಣಿ

ಹರಿಣಿಗೆ ಹೊಟ್ಟೆಕಿಚ್ಚು ಶುರುವಾದದ್ದು ಚಿತ್ರಾನ್ನದ ಮಾತಿನಿಂದ.

ಒಂದು ಭಾನುವಾರ ಸಂಜೆ ಅವಳ ಗಂಡ ಅಶ್ವತ್ಥ ಖಾಲಿ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಅಂಗಿಯ ತೋಳಿಗೆ ಅಂಟಿದ್ದ ಬಿಳಿ ಪುಡಿಯನ್ನು ಕೊಡವುತ್ತ, "ಚಿತ್ರಾನ್ನಕ್ಕೆ ಇಂಗು ಇನ್ನೊಂಚೂರು ಬಿದ್ರೆ ಚೆನ್ನಾಗಿರುತ್ತಂತೆ. ಮಾಧವಿಗಾರು ಅಂದ್ರು" ಎಂದ.

"ಯಾವ ಮಾಧವಿಗಾರು?"

ಅವಳಿಗೆ ಗೊತ್ತಿತ್ತು. ಕೇಳಿದ್ದು ಆ ಹೆಸರು ಅವನ ಬಾಯಲ್ಲಿ ಹೇಗೆ ಬರುತ್ತದೆ ಎಂದು ನೋಡಲು.

"ಅದೇ, ಶೆಡ್ಡಿನವರು. ಫೈಬರ್ ದೋಣಿ ಮಾಡ್ತಾರಲ್ಲ."

ಸಲೀಸಾಗಿ ಬಂತು. ತೀರಾ ಸಲೀಸಾಗಿ. "ನಾನು ಡಬ್ಬಿ ಕಟ್ಟಿದ್ದು ನಿಮಗೆ. ಊರಿಗೆಲ್ಲ ಅಲ್ಲ" ಎಂದು ಹರಿಣಿ ಡಬ್ಬಿಯನ್ನು ನಲ್ಲಿಯ ಕೆಳಗೆ ಎಸೆದಳು. ಅಶ್ವತ್ಥ ಅದನ್ನು ಗಮನಿಸಲಿಲ್ಲ.

ಅಶ್ವತ್ಥ ದಾವಣಗೆರೆಯವನು, ಬ್ಯಾಂಕಿನಲ್ಲಿ ಆಫೀಸರ್. ಮದುವೆಯಾದಾಗಿನಿಂದ ಹರಿಣಿ ಅವನ ಹಿಂದೆ ರಾಯಚೂರು, ಕರ್ನೂಲು, ನೆಲ್ಲೂರು ಎಂದು ಸುತ್ತಿ, ಈಗ ವಿಶಾಖಪಟ್ಟಣದ ಗಾಜುವಾಕಕ್ಕೆ ಬಂದು ಮುಟ್ಟಿದ್ದಳು. ಪ್ರತಿ ಸಲವೂ ಹೊಸ ಬಾಡಿಗೆ ಮನೆ, ಹೊಸ ಹಾಲಿನವನು, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂಬ ಹೊಸ ಕಾಯುವಿಕೆ. ಹಳೆಯ ಮನೆಯ ಪರದೆಗಳನ್ನು ಬಿಚ್ಚಿ ಹೊಸ ಮನೆಯ ಕಿಟಕಿಗಳ ಅಳತೆಗೆ ಹೊಲಿಯುವುದರಲ್ಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಗಂಡ ಕೆಟ್ಟವನಲ್ಲ. ಆದರೆ ಮನೆಯಲ್ಲಿ ಅವನ ಮಾತೆಂದರೆ "ಹ್ಞೂಂ". ಗ್ಯಾಸ್ ಮುಗಿಯಿತೆಂದರೂ ಹ್ಞೂಂ, ವಿಜಯವಾಡದಲ್ಲಿ ಓದುತ್ತಿದ್ದ ಮಗಳು ತನುಶ್ರೀ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಳೆಂದರೂ ಹ್ಞೂಂ.

ಅಂಥವನಿಗೆ ಹಿಂದಿನ ವರ್ಷ ಒಂದು ಹುಚ್ಚು ಹಿಡಿದಿತ್ತು. ಪಿಕಪ್ ಗಾಡಿಯ ಬೆನ್ನ ಮೇಲೆ ಕೂರುವ ಪುಟ್ಟ ಮನೆ. ಗಾಡಿ ಓಡುವಾಗ ಅದರ ಛಾವಣಿ ತಗ್ಗಿ ಕೂರಬೇಕು. ನಿಂತಲ್ಲಿ ಎತ್ತಿದರೆ ಸುತ್ತ ಬಟ್ಟೆಯ ಗೋಡೆ ಬಿಚ್ಚಿಕೊಂಡು, ಒಳಗೆ ಮನುಷ್ಯ ನೆಟ್ಟಗೆ ನಿಲ್ಲುವಂತಾಗಬೇಕು. ಬೇಡದಾಗ ಇಡೀ ಮನೆಯನ್ನೇ ಸಾಮಾನಿನಂತೆ ಕೆಳಗಿಳಿಸಿಡಬೇಕು. "ನಮ್ಮಂಥವರಿಗೆ ಇದೇ ಸರಿ ಹರಿಣಿ, ಮನೇನೇ ಹೊತ್ಕೊಂಡು ಹೋಗೋದು" ಎಂದಿದ್ದ. ಹಳೆಯ ಪಿಕಪ್ ಒಂದನ್ನು ಕೊಂಡು, ಕಬ್ಬಿಣದ ಚೌಕಟ್ಟು ಮಾಡಿಸಿ ಪ್ಲೈವುಡ್ ಹೊಡೆಸಿದ. ಗಾಡಿಗೆ ಏರಿಸಿದ ದಿನ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕುಸಿದು, ಗಾಡಿ ಮೂತಿ ಮೇಲೆತ್ತಿ ನಿಂತಿತು. ಸಿಂಹಾಚಲದ ಏರಿನಲ್ಲಿ ಸ್ಟೀರಿಂಗ್ ಮಾತು ಕೇಳಲಿಲ್ಲ. ಮರುದಿನವೇ ಎಲ್ಲ ಬಿಚ್ಚಿಸಿದ.

ಆಗ ಸಿಕ್ಕವಳು ಮಾಧವೀಲತಾ, ತೆಲುಗಿನ ಮರ್ಯಾದೆಯಲ್ಲಿ ಮಾಧವಿಗಾರು. ಗಾಜುವಾಕದ ಆಟೋನಗರದಲ್ಲಿ ಅವಳಪ್ಪ ಬಿಟ್ಟುಹೋದ ಶೆಡ್ಡಿನಲ್ಲಿ ಮೀನುಗಾರರಿಗೆ ಫೈಬರ್ ದೋಣಿ ಮಾಡಿಕೊಡುತ್ತಿದ್ದಳು. ಗಂಡ ಹಡಗಿನಲ್ಲಿ ಫಿಟರ್, ವರ್ಷದ ಹೆಚ್ಚು ಪಾಲು ಸಮುದ್ರದ ಮೇಲೆ. ಅವಳ ಖಾತೆ ಅಶ್ವತ್ಥನ ಬ್ರ್ಯಾಂಚಿನಲ್ಲೇ ಇತ್ತು. ಕೌಂಟರಿನ ಹತ್ತಿರ ಶುರುವಾದ ಮಾತು ಶೆಡ್ಡಿಗೆ ಹೋಯಿತು. ಅದರ ಹಿಂದೆ ಅವನ ರಜೆಗಳೆಲ್ಲ ಶೆಡ್ಡಿಗೇ ಹೋದವು.

ಅದಾದ ಮೇಲೆ ಅಶ್ವತ್ಥ ಮನೆಯಲ್ಲೂ ಮಾತಾಡತೊಡಗಿದ. ಹರಿಣಿಗೆ ತಡೆಯಲಾಗದೆ ಹೋದದ್ದೇ ಅದು. ಒಂದು ದಿನ ರಟ್ಟಿನ ಪೆಟ್ಟಿಗೆ ಹರಿದು ಅವಳ ಊಟದ ತಟ್ಟೆಯ ಪಕ್ಕ ಹಿಡಿದ.

"ನೋಡಿಲ್ಲಿ. ಎರಡೂ ಕಡೆ ಬರೀ ಕಾಗದ. ನಡುವೆ ಹೆಚ್ಚುಕಮ್ಮಿ ಗಾಳಿ. ಆದ್ರೂ ಬಗ್ಗಲ್ಲ. ನಮ್ಮದೂ ಹಂಗೇ. ನಡುವೆ ಫೋಮ್ ಹಲಗೆ, ಎರಡೂ ಕಡೆ ಗಾಜಿನ ಬಟ್ಟೆ ಹಾಸಿ ರೆಸಿನ್ ಅನ್ನೋ ಅಂಟು ಕುಡಿಸಿದ್ರೆ ಆಯ್ತು. ಇಬ್ಬರು ಎತ್ತಬಹುದು, ಮೇಲೆ ನಾಲ್ಕು ಜನ ಕೂರಬಹುದು. ದೋಣಿಗೆ ಹಾಕೋ ರೆಸಿನ್ ಹಾಕಿದ್ರೆ ಈ ಫೋಮ್ ಕರಗಿಹೋಗುತ್ತೆ, ಎಪಾಕ್ಸಿ ರೆಸಿನ್ನೇ ಬೇಕು ಅಂದ್ರು ಮಾಧವಿಗಾರು."

'ಅಂದ್ರು ಮಾಧವಿಗಾರು' ಎಂಬುದು ಎಲ್ಲ ಮಾತಿನ ಬಾಲಕ್ಕೂ ಅಂಟಿಕೊಂಡಿತು. ಬೋಲ್ಟ್ ಕೂರುವ ಕಡೆ ಫೋಮ್ ಕೆರೆದು ಗಟ್ಟಿಮರ ತುಂಬಬೇಕಂತೆ, ಇಲ್ಲದಿದ್ದರೆ ನಟ್ಟು ಬಿಗಿದ ಕೂಡಲೇ ಹಲಗೆ ಅಪ್ಪಚ್ಚಿಯಂತೆ, ಅಂದ್ರು ಮಾಧವಿಗಾರು. ಅಂಚು ಮುಚ್ಚದಿದ್ದರೆ ನೀರು ಒಳಗಿಳಿದು ಎರಡೇ ಮಳೆಗಾಲಕ್ಕೆ ಪದರ ಬಿಟ್ಟುಕೊಳ್ಳುತ್ತದಂತೆ, ಅಂದ್ರು ಮಾಧವಿಗಾರು.

ಗಂಡ ದಾರಿ ತಪ್ಪಿದ್ದಾನೆ ಎಂಬ ಅನುಮಾನ ಹರಿಣಿಗೆ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳ ಹೊಟ್ಟೆ ಉರಿದದ್ದು, ಇಷ್ಟು ವರ್ಷ ತನಗೆ ಸಿಗದ ಮಾತು ಈ ಮನುಷ್ಯನೊಳಗೇ ಇತ್ತು, ಅದನ್ನು ಇನ್ಯಾರೋ ಒಂದೇ ತಿಂಗಳಲ್ಲಿ ಹೊರಗೆಳೆದರು ಎಂಬುದಕ್ಕೆ.

ಕೊನೆಗೆ ಒಂದು ಭಾನುವಾರ, "ನಾನೂ ಬರ್ತೀನಿ ನಡೀರಿ" ಎಂದು ಹೊರಟೇಬಿಟ್ಟಳು.

ಶೆಡ್ಡಿನಲ್ಲಿ ಒಂದು ದೋಣಿ ಮಗುಚಿ ಮಲಗಿತ್ತು. ಅದರ ಪಕ್ಕ ಉದ್ದನೆಯ ಮೇಜಿನ ಮೇಲೆ ಛಾವಣಿಯ ಫೋಮ್ ಹಲಗೆ. ಪುಟ್ಟ ಮನೆಯ ಕೆಳಗಿನ ಪೆಟ್ಟಿಗೆ ಆಗಲೇ ಸಿದ್ಧವಾಗಿ ಮೂಲೆಯಲ್ಲಿತ್ತು. ಮಾಧವೀಲತಾ ಹರಿಣಿಯ ವಯಸ್ಸಿನವಳೇ. ನೈಟಿಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಕೂದಲಿಗೆ ಟವೆಲ್ ಸುತ್ತಿಕೊಂಡಿದ್ದಳು. ಸುಂದರಿಯಲ್ಲ. ಅದು ಹರಿಣಿಗೆ ಸಮಾಧಾನ ಕೊಡುವ ಬದಲು ಇನ್ನಷ್ಟು ಉರಿಸಿತು. ಚೆಲುವಿಗೆ ಸೋತಿದ್ದರೆ ಹೋಗಲಿ ಎನ್ನಬಹುದಿತ್ತು.

"ರಂಡಿ ಮೇಡಂ, ರಂಡಿ" ಎಂದು ತೆಲುಗಿನಲ್ಲಿ ಒಳಗೆ ಕರೆದು, ಸೆರಗಿಲ್ಲದ್ದರಿಂದ ಸ್ಟೂಲನ್ನು ಬರಿಗೈಯಿಂದಲೇ ಒರೆಸಿ ಕೊಟ್ಟಳು. ನೆಲ್ಲೂರಿನ ಕಾಲದಿಂದ ಹರಿಣಿಗೆ ತರಕಾರಿ ಕೊಳ್ಳುವಷ್ಟು ತೆಲುಗು ಬರುತ್ತಿತ್ತು. ಅಶ್ವತ್ಥನ ತೆಲುಗು ಮಾತ್ರ ಈಗ ಪೂರ್ತಿ ಗಾಜುವಾಕದ್ದಾಗಿತ್ತು. ಅವನು ಆ ಭಾಷೆಯಲ್ಲಿ ತಮಾಷೆ ಮಾಡುತ್ತಿದ್ದ.

"ಇವಳಿಗೆ ಅಳತೆ ಕೆಲಸ ಕೊಡಿ, ಕೈ ಲೆಕ್ಕ ಪಕ್ಕಾ" ಎಂದ ಅವನು. ಮಾಧವೀಲತಾ ತೂಕದ ಯಂತ್ರ, ರೆಸಿನ್ ಡಬ್ಬ, ಹಾರ್ಡನರ್ ಡಬ್ಬ ತೋರಿಸಿದಳು. ದೋಣಿಯ ರೆಸಿನ್ನಿನಂತೆ ಇದಕ್ಕೆ ಕಣ್ಣಂದಾಜು ನಡೆಯುವುದಿಲ್ಲ, ಮೂರು ಪಾಲಿಗೆ ಒಂದು ಪಾಲು ಹಾರ್ಡನರ್, ತೂಗಿಯೇ ಹಾಕಬೇಕು, ಕಡಿಮೆಯಾದರೆ ಎಂದೂ ಗಟ್ಟಿಯಾಗುವುದಿಲ್ಲ ಎಂದು ಬಿಡಿಸಿ ಹೇಳಿದಳು.

ಮೊದಲ ಕೆಲವು ಪಾತ್ರೆಗಳನ್ನು ಹರಿಣಿ ಸರಿಯಾಗಿಯೇ ಕಲಸಿಕೊಟ್ಟಳು. ಕೆಳಗಿನ ಪದರ ಆಯಿತು. ಮೇಲಿನ ಪದರಕ್ಕೆ ಗಾಜಿನ ಬಟ್ಟೆ ಹಾಸಿ, ಅವರಿಬ್ಬರೂ ಮೇಜಿನ ಆಚೆ ಈಚೆ ನಿಂತು ರೋಲರ್ ಎಳೆಯುತ್ತಿದ್ದರು. ಬಿಳಿಯ ಬಟ್ಟೆ ರೆಸಿನ್ ಕುಡಿದು ನೀರಿನಂತೆ ತಿಳಿಯಾಗುತ್ತ ಬಂತು. ಅದನ್ನು ನೋಡುತ್ತ ಅಶ್ವತ್ಥ, "ಮಾಧವಿಗಾರು, ನೀವಿಲ್ಲದಿದ್ರೆ ಈ ಮನೆ ಏಳ್ತಾನೇ ಇರಲಿಲ್ಲ" ಎಂದ.

ಹರಿಣಿಯ ಕೈಯಲ್ಲಿ ಹಾರ್ಡನರ್ ಡಬ್ಬ ಬಗ್ಗಿತ್ತು. ಮನೆ! ರಾಯಚೂರಿನ ಬಿಸಿಲಲ್ಲಿ, ನೆಲ್ಲೂರಿನ ಸೊಳ್ಳೆಯಲ್ಲಿ, ಪ್ರತಿ ಸಲ ಬರಿಗೋಡೆಗಳಿಂದ ಮನೆ ಎಬ್ಬಿಸಿದ್ದು ಯಾರು? ಒಂದು ದಿನವಾದರೂ ಈ ಬಾಯಿ ಈ ಮಾತು ಆಡಿತ್ತೆ? ತೂಕದ ಯಂತ್ರದ ಅಂಕಿ ಬೇಕಾದದ್ದರ ಅರ್ಧಕ್ಕೆ ಬಂದಿತ್ತು. ಅವಳು ಡಬ್ಬವನ್ನು ನೆಟ್ಟಗೆ ಮಾಡಿ ಕೆಳಗಿಟ್ಟಳು. ಕಲಸಿದಳು. ಕೊಟ್ಟಳು. ಕೈತಪ್ಪಿನಿಂದ ಆಯಿತು ಎಂದುಕೊಳ್ಳಬಹುದಿತ್ತು, ಆದರೆ ಅದರ ನಂತರದ ಪಾತ್ರೆಗಳನ್ನೂ ಹಾಗೆಯೇ ಕಲಸಿದಳು.

ಮರುದಿನ ಛಾವಣಿ ಅಂಟಂಟಾಗಿತ್ತು. ಸಮುದ್ರದ ತೇವಕ್ಕೆ ಒಮ್ಮೊಮ್ಮೆ ಹಾಗಾಗುತ್ತದೆ ಎಂದಳು ಮಾಧವೀಲತಾ. ಬಿಸಿಲಿಗಿಟ್ಟರು. ದೊಡ್ಡ ದೀಪ ಹಚ್ಚಿ ಕಾಯಿಸಿದರು. ವಾರ ಕಳೆದರೂ ಬೆರಳಿಟ್ಟರೆ ಬೆರಳಿನ ಗುರುತು ಹಾಗೇ ಉಳಿಯುತ್ತಿತ್ತು. ಆ ವಾರವೇ ಅಶ್ವತ್ಥನಿಗೆ ವಿಜಯವಾಡಕ್ಕೆ ವರ್ಗವಾಯಿತು. ಅವನ ತಾಳ್ಮೆ ಕೆಟ್ಟಿತು.

"ಹಳೇ ಸ್ಟಾಕ್ ಹಾಕಿದ್ದೀರಿ ನೀವು" ಎಂದು ಶೆಡ್ಡಿನಲ್ಲಿ ನಿಂತು ಕೂಗಾಡಿದ. "ನಂಬಿ ಬಿಟ್ಟಿದ್ದಕ್ಕೆ ಹಿಂಗಾ ಮಾಡೋದು?"

ಹರಿಣಿ ಬಾಗಿಲ ಹತ್ತಿರ ನಿಂತಿದ್ದಳು. ಮಾಧವೀಲತಾ ಒಂದು ಸಲ ಹಾರ್ಡನರ್ ಡಬ್ಬದ ಕಡೆ ನೋಡಿದಳು, ಇನ್ನೊಂದು ಸಲ ಹರಿಣಿಯ ಕಡೆ. ಆಮೇಲೆ ಸಾವಕಾಶವಾಗಿ, "ಇರಬಹುದು ಸಾರ್. ನಾನೇ ನೋಡಿಕೊಳ್ಳಬೇಕಿತ್ತು" ಎಂದಳು.

ಅಂದಿನಿಂದ ಅಶ್ವತ್ಥ ಶೆಡ್ಡಿಗೆ ಕಾಲಿಡಲಿಲ್ಲ. ಬ್ಯಾಂಕಿನಿಂದ ನೇರ ಮನೆಗೆ ಬಂದು ಟಿವಿಯ ಮುಂದೆ ಕೂತ. ಊಟಕ್ಕೇನು ಎಂದರೆ ಹ್ಞೂಂ. ಹರಿಣಿ ಬೇಡಿದ್ದೆಲ್ಲ ಕೈಗೂಡಿತ್ತು, ಮಾಧವಿಗಾರು ಎಂಬ ಹೆಸರು ಮನೆಯಿಂದ ಹೋಗಿತ್ತು. ಆದರೆ ಗೆದ್ದ ಸುಖ ಒಂದು ಸಂಜೆಯೂ ಬಾಳಲಿಲ್ಲ. ಅವನು ಈಗ ಮೊದಲಿಗಿಂತಲೂ ಮುದುಕನಂತೆ ಕಾಣುತ್ತಿದ್ದ. ತಿಂಗಳ ಕೊನೆಗೆ ಪೆಟ್ಟಿಗೆ ಕಟ್ಟಿಕೊಂಡು, ವಿಜಯವಾಡಕ್ಕೆ ಒಬ್ಬನೇ ಹೋಗಿ ಡ್ಯೂಟಿಗೆ ಸೇರಿದ. ಮನೆ ಸಿಕ್ಕಮೇಲೆ ಅವಳನ್ನು ಕರೆಸಿಕೊಳ್ಳುವ ಮಾತಾಗಿತ್ತು. "ಪಿಕಪ್ಪನ್ನ ಯಾರಿಗಾದ್ರೂ ಕೊಟ್ಟುಬಿಡೋಣ" ಎಂದು ಹೊರಡುವಾಗ ಹೇಳಿದ.

ಎರಡು ದಿನ ಹರಿಣಿ ಪಾತ್ರೆ ಪಡಗ ಕಟ್ಟುತ್ತ ಕಳೆದಳು. ಮೂರನೆಯ ದಿನ ಆಟೋ ಹತ್ತಿ ಶೆಡ್ಡಿಗೆ ಹೋದಳು.

ಮಾಧವೀಲತಾ ಒಬ್ಬಳೇ ಕೂತು ಛಾವಣಿಯ ಮೇಲಿನ ಅಂಟು ಪದರವನ್ನು ಕೆರೆಯುತ್ತಿದ್ದಳು. ಹರಿಣಿಯನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ.

"ಹಾರ್ಡನರ್ ಕಡಿಮೆ ಹಾಕಿದ್ದು ನಾನು" ಎಂದಳು ಹರಿಣಿ, ನಿಂತಲ್ಲೇ. "ಬೇಕಂತ ಹಾಕಿದ್ದು."

"ತೆಲುಸು ಮೇಡಂ. ಗೊತ್ತು. ಡಬ್ಬದಲ್ಲಿ ಅಷ್ಟು ಉಳಿಯಬಾರದಿತ್ತು."

"ಮತ್ತೆ ಅವರ ಮುಂದೆ ಯಾಕೆ ಹೇಳಲಿಲ್ಲ?"

"ಹೇಳಿ ಏನು ಮಾಡಲಿ? ನಿಮ್ಮಿಬ್ಬರಿಗೆ ಜಗಳ. ಈ ಛಾವಣಿ ಅದರಿಂದ ಗಟ್ಟಿಯಾಗುತ್ತಿತ್ತಾ?"

ಹರಿಣಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಮತ್ತೆ ಅದೇ ಉರಿ. ಮನ್ನಿಸುವ ದೊಡ್ಡತನವೂ ಇವಳಿಗೇ ಹೋಯಿತಲ್ಲ! ಬೈದಿದ್ದರೆ ಸರಿಸಮ ಆಗುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಯ ಕಟ್ಟೆಯ ಮೇಲಿದ್ದ ಇನ್ನೊಂದು ಕೆರೆಯುವ ಪಟ್ಟಿ ತೆಗೆದುಕೊಂಡು ಎದುರು ಕೂತಳು. ಇವಳಿಗಿಂತ ಹೆಚ್ಚು ಕೆರೆದು ತೋರಿಸಬೇಕು ಎಂಬ ಹಟದಿಂದಲೇ ಕೂತಳು.

ಕೆಲಸ ನರಕ. ಅಂಟು ಪಟ್ಟಿಗೂ ಹಿಡಿಯುತ್ತಿತ್ತು, ಕೈಗವಸಿಗೂ ಹಿಡಿಯುತ್ತಿತ್ತು. ಗಾಜಿನ ಬಟ್ಟೆಯನ್ನು ಎಳೆದರೆ ಜೇನಿನಂತೆ ದಾರ ಬಿಡುತ್ತಿತ್ತು. ಕೆಲವು ಕಡೆ ಫೋಮ್ ಕೂಡ ಕಿತ್ತು ಬಂತು. ಅಲ್ಲಿ ಚೌಕವಾಗಿ ಕತ್ತರಿಸಿ ಹೊಸ ತುಂಡು ಕೂರಿಸಬೇಕಾಯಿತು. ದಿನವೂ ಹರಿಣಿ ಬೆಳಿಗ್ಗೆ ಬಂದು ಸಂಜೆ ಹೋದಳು. ಮೊದಲು ಮಾತಿಲ್ಲ. ಆಮೇಲೆ ಫ್ಯಾನ್ ಆ ಕಡೆ ತಿರುಗಿಸಿ, ನೀರು ಕುಡೀರಿ ಎಂಬಷ್ಟು. ಒಂದು ಮಧ್ಯಾಹ್ನ ಹರಿಣಿ ಡಬ್ಬಿ ಬಿಚ್ಚಿ ಚಿತ್ರಾನ್ನವನ್ನು ಎರಡು ಪಾಲು ಮಾಡಿ, "ಇಂಗು ಸಾಕಾ ನೋಡಿ" ಎಂದಳು, ಸ್ವಲ್ಪ ಕೊಂಕಾಗಿಯೇ.

ಮಾಧವೀಲತಾ ತುತ್ತು ಬಾಯಿಗಿಟ್ಟು ತಲೆ ತಗ್ಗಿಸಿದಳು. "ಇಂಗು ಅವತ್ತೂ ಸರಿಯಾಗಿತ್ತು."

"ಮತ್ತೆ?"

"ಸಾರ್ ಡಬ್ಬಿ ತೆಗೆದ ಕೂಡಲೇ 'ನಮ್ಮ ಹರಿಣಿ ಕೈ ಅಡುಗೆ' ಅಂತ ಶುರು ಮಾಡೋರು. ಬಂದಾಗೆಲ್ಲ ಅದೇ. ನಮ್ಮ ಮನೆಯವರು ವರ್ಷಕ್ಕೊಮ್ಮೆ ಬಂದರೂ ತಟ್ಟೆ ನೋಡಲ್ಲ, ಫೋನ್ ನೋಡ್ತಾರೆ. ಅವತ್ತು ತಡೆಯೋಕಾಗಲಿಲ್ಲ. ಸುಮ್ಮನೆ ಇಂಗು ಕಡಿಮೆ ಅಂದುಬಿಟ್ಟೆ."

ಹರಿಣಿ ಅವಳನ್ನೇ ದಿಟ್ಟಿಸಿದಳು. ನಮ್ಮ ಹರಿಣಿ ಕೈ ಅಡುಗೆ. ಇದನ್ನು ಅವನು ಇಲ್ಲಿ ಹೇಳುತ್ತಿದ್ದ, ಈ ಆಟೋನಗರದ ಧೂಳಿನಲ್ಲಿ ಕೂತು! ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಅವಳು ನಕ್ಕದ್ದು ನೋಡಿ ಮಾಧವೀಲತಾಳಿಗೂ ನಗು ತಡೆಯಲಿಲ್ಲ. ಆ ಮಧ್ಯಾಹ್ನದಿಂದ ಅವಳು ಮೇಡಂ ಎನ್ನುವುದನ್ನು ಬಿಟ್ಟು ವದಿನಾ ಎಂದು ಕರೆಯತೊಡಗಿದಳು. ತೆಲುಗಿನಲ್ಲಿ ವದಿನಾ ಎಂದರೆ ಅತ್ತಿಗೆ.

ಹೊಸದಾಗಿ ಹಾಸಿದ ಪದರಕ್ಕೆ ಹರಿಣಿಯೇ ಅಳೆದಳು. ಪ್ರತಿ ಪಾತ್ರೆಯನ್ನೂ ಎರಡೆರಡು ಸಲ ತೂಗಿದಳು. ಮರುದಿನ ಬಂದು ಗೆಣ್ಣಿನಿಂದ ಕುಟ್ಟಿದಾಗ ಛಾವಣಿ ಟಕ್ ಟಕ್ ಎಂದಿತು. ಇಬ್ಬರೂ ಆಚೀಚೆ ಹಿಡಿದು ಎತ್ತಿದರು. ಅಷ್ಟು ದೊಡ್ಡ ಛಾವಣಿ ತೊಟ್ಟಿಲಿನಂತೆ ಹಗುರವಾಗಿ ಮೇಲೆ ಬಂತು.

ಬಾಕಿ ಉಳಿದದ್ದು ಬಟ್ಟೆಯ ಗೋಡೆ. ಮಾಧವೀಲತಾಳಿಗೆ ಅದರ ತಲೆಬುಡ ಗೊತ್ತಿರಲಿಲ್ಲ. ಅದು ತಿಳಿದಾಗ ಹರಿಣಿಗಾದ ಸಂತೋಷ ಒಳ್ಳೆಯ ಸಂತೋಷವಲ್ಲ, ಆದರೂ ಅವಳು ಅದನ್ನು ತಡೆಯಲಿಲ್ಲ. ದಾವಣಗೆರೆಯಲ್ಲಿ ಅವಳ ಅಪ್ಪ ಲಾರಿಗಳಿಗೆ ಟಾರ್ಪಾಲು ಹೊಲಿದುಕೊಡುತ್ತಿದ್ದರು. ಬ್ಯಾಂಕ್ ಆಫೀಸರರ ಹೆಂಡಂದಿರ ನಡುವೆ ಆ ಅಂಗಡಿಯ ಮಾತನ್ನು ಅವಳು ಎಂದೂ ಎತ್ತಿರಲಿಲ್ಲ. ಬಾಡಿಗೆ ಮನೆ ನೋಡುವ ನೆಪದಲ್ಲಿ ವಿಜಯವಾಡಕ್ಕೆ ಹೋದಾಗ, ಮಗಳು ತನುಶ್ರೀಯನ್ನು ಕರೆದುಕೊಂಡು ಒನ್ ಟೌನ್ ಪೇಟೆಯ ಸಗಟು ಅಂಗಡಿಗಳನ್ನೆಲ್ಲ ಸುತ್ತಿದಳು. ಕ್ಯಾನ್ವಾಸನ್ನು ಉಗುರಿನಿಂದ ಗೀರಿ, ಅಂಗಡಿಯವನ ಲೋಟದ ನೀರು ಸುರಿದು, ಹಿಂದಿನಿಂದ ತೇವ ಮುಟ್ಟಿ ನೋಡಿ ಆರಿಸಿದಳು. ತೆಲುಗಿನಲ್ಲಿ ಚೌಕಾಸಿ ಮಾಡಿದ್ದು ತನುಶ್ರೀ.

"ಅಮ್ಮಾ, ನಾನ್ನಗೆ ಯಾಕೆ ಚೆಪ್ಪಬಾರದು?" ಎಂದಳು ಅವಳು, ತನ್ನ ಅರ್ಧ ತೆಲುಗಿನ ಕನ್ನಡದಲ್ಲಿ.

"ಬೇಡ. ಅಪ್ಪನಿಗೆ ನಾನೇ ಹೇಳ್ತೀನಿ, ಆಮೇಲೆ."

ಶೆಡ್ಡಿನಲ್ಲಿ ಕೂತು ಅವಳೇ ಗೋಡೆಗಳನ್ನು ಹೊಲಿದು ಮುಗಿಸುವ ಹೊತ್ತಿಗೆ ಮನೆ ಸಿಕ್ಕಿ ಸಾಮಾನು ಲಾರಿಯಲ್ಲಿ ಹೋಯಿತು. ಅದರ ಮರುದಿನ ನಸುಕಿನಲ್ಲಿ ಇಬ್ಬರು ಹೆಂಗಸರು ಪಿಕಪ್ ಏರಿ ಹೊರಟರು. ಗಾಡಿ ಓಡಿಸಿದ್ದು ಮಾಧವೀಲತಾ. ಬೆನ್ನ ಮೇಲೆ ಮನೆಯಿದೆ ಎಂಬುದು ಗಾಡಿಗೆ ಗೊತ್ತೇ ಇಲ್ಲವೇನೋ ಎನ್ನುವಂತೆ ಓಡಿತು. ಅನ್ನವರಂ ದಾಟಿದಾಗ ಮಾಧವೀಲತಾ ಇದ್ದಕ್ಕಿದ್ದಂತೆ, "ವದಿನಾ, ಇಲ್ಲಿಂದ ಮುಂದೆ ನಾನು ಬಂದೇ ಇಲ್ಲ" ಎಂದಳು. "ಅಪ್ಪ ಹೋದ ಮೇಲೆ ಶೆಡ್ಡು ಬಿಟ್ಟು ಅಲುಗಾಡಿಲ್ಲ. ನೀವು ವರ್ಗ ವರ್ಗ ಅಂತ ಬೇಸರ ಮಾಡ್ಕೊಂಡಾಗೆಲ್ಲ ನನಗೆ ನಿಮ್ಮ ಕೆನ್ನೆಗೆ ಹೊಡೆಯೋಣ ಅನ್ನಿಸ್ತಿತ್ತು."

"ಹೊಡೀಬೇಕಿತ್ತು" ಎಂದಳು ಹರಿಣಿ.

ವಿಜಯವಾಡದ ಮನೆಯ ಮುಂದೆ ಗಾಡಿ ನಿಂತಾಗ ಅಶ್ವತ್ಥ ಬನಿಯನ್ನಿನಲ್ಲೇ ಓಡಿಬಂದ. ಛಾವಣಿ ನೋಡಿದ, ತಟ್ಟಿದ, ಎತ್ತಿದ. ನಾಲ್ಕು ಮೂಲೆಯ ಗ್ಯಾಸ್ ಸ್ಪ್ರಿಂಗುಗಳು ಉಸಿರುಬಿಟ್ಟು ಅದನ್ನು ಮೇಲೆತ್ತಿದವು. ಹಸಿರು ಕ್ಯಾನ್ವಾಸ್ ಗೋಡೆಗಳು ಸುಕ್ಕಿಲ್ಲದೆ ಬಿಚ್ಚಿಕೊಂಡವು.

"ಯಾರು ಮಾಡಿದ್ದು ಇದನ್ನ?"

"ನಾವಿಬ್ಬರೂ" ಎಂದಳು ಹರಿಣಿ.

ಅವನ ಮುಖ ಅರಳಿತು. ಅರಳಿದ್ದು ಪೂರ್ತಿಯಾಗುವ ಮೊದಲೇ ಬೇರೇನೋ ಬಂದು ಕೂತಿತು. ಚಹಾ ಕುಡಿಯುತ್ತ ಗಾಡಿಯ ಸುತ್ತ ಸುತ್ತಿದ. ಬಾಗಿಲ ಹಿಂಜಿನ ಹತ್ತಿರ ಸಂದು ಜಾಸ್ತಿಯಾಯಿತು ಎಂದ. ಜಿಪ್ ಎಡಗಡೆ ಬೇಕಿತ್ತು ಎಂದ. ಮೊದಲ ಸಲ ಓಡಿಸುವಾಗ ತನ್ನನ್ನು ಕರೆಯಬಹುದಿತ್ತು ಎಂದು ಚಹಾದ ಲೋಟದ ಒಳಕ್ಕೆ ಗೊಣಗಿದ. ಹರಿಣಿಗೆ ಆ ಉರಿಯ ಗುರುತು ಚೆನ್ನಾಗಿ ಸಿಕ್ಕಿತು. ತಿಂಗಳುಗಟ್ಟಲೆ ತನ್ನ ಹೊಟ್ಟೆಯಲ್ಲಿದ್ದದ್ದು ಈಗ ಅವನ ಮುಖದ ಮೇಲಿತ್ತು. ಖುಷಿಪಡುವ ಆಸೆಯಾಯಿತು, ಆದರೆ ಅವನ ಕುಗ್ಗಿದ ಹೆಗಲು ನೋಡಿ ಮನಸ್ಸಾಗಲಿಲ್ಲ.

"ಕೂತ್ಕೊಳ್ರಿ ಇಲ್ಲಿ. ಒಂದು ಮಾತು ಹೇಳೋದಿದೆ" ಎಂದು, ಮಾಧವೀಲತಾಳ ಎದುರಿಗೇ, ಹಾರ್ಡನರಿನ ಕಥೆಯನ್ನೆಲ್ಲ ಹೇಳಿದಳು. ಯಾಕೆ ಹಾಗೆ ಮಾಡಿದೆ ಎಂಬುದನ್ನೂ ಬಿಡಲಿಲ್ಲ.

ಅಶ್ವತ್ಥ ಚಹಾದ ಲೋಟ ಕೆಳಗಿಟ್ಟ. ಆಮೇಲೆ ಎದ್ದು ಮಾಧವೀಲತಾಳಿಗೆ ಕೈಮುಗಿದ. "ತಪ್ಪಾಯ್ತು ಮಾಧವಿಗಾರು. ಅಷ್ಟು ಮಾತಾಡಬಾರದಿತ್ತು." ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಅಷ್ಟೊಂದು ಉರೀತಿತ್ತಾ?" ಎಂದು ಕೇಳಿದ.

"ಹ್ಞೂಂ" ಎಂದಳು ಹರಿಣಿ.

ಮರುದಿನ ಭಾನುವಾರ. ತನುಶ್ರೀಯನ್ನೂ ಹಾಸ್ಟೆಲಿನಿಂದ ಕರೆದುಕೊಂಡು, ಊರಾಚೆ ಕೃಷ್ಣೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಛಾವಣಿ ಎತ್ತಿದರು. ಅಶ್ವತ್ಥ ಏಣಿ ಹತ್ತಿ ಮೇಲೆ ಕೂತ, ಬಗ್ಗುತ್ತದೆಯೇ ನೋಡಲು. ಬಗ್ಗಲಿಲ್ಲ. ಒಳಗೆ ಹರಿಣಿ ಸ್ಟವ್ ಹಚ್ಚಿ ಉಪ್ಪಿಟ್ಟಿಗಿಟ್ಟಳು. ಹೊರಗೆ ಚಾಪೆಯ ಮೇಲೆ ಮಾಧವೀಲತಾ ಏನೋ ಹೇಳುತ್ತಿದ್ದಳು, ತನುಶ್ರೀ ಅವಳ ಭುಜದ ಮೇಲೆ ಬಿದ್ದು ನಗುತ್ತಿದ್ದಳು. ಇಬ್ಬರ ತೆಲುಗೂ ಕೈಗೆ ಸಿಗದಷ್ಟು ವೇಗ. ತನ್ನ ಮಗಳು ತನ್ನ ಜೊತೆ ಹೀಗೆ ನಕ್ಕು ಎಷ್ಟು ಕಾಲವಾಯಿತು ಎಂದು ಹರಿಣಿಗೆ ಅನ್ನಿಸಿತು. ಹೊಟ್ಟೆಯೊಳಗೆ ಅದೇ ಹಳೆಯ ಚುರುಕು.

ಅವಳು ಸೌಟು ಹಿಡಿದೇ ಹೊರಗೆ ತಲೆ ಹಾಕಿದಳು. "ಏನ್ರೇ ಅದು? ನಂಗೂ ಹೇಳ್ರಿ."

ತನುಶ್ರೀ ಕನ್ನಡದಲ್ಲಿ ಹೇಳಹೊರಟು, ಅರ್ಧದಲ್ಲಿ ಮಾತು ಸಿಗದೆ ನಿಂತಳು. ಮಾಧವೀಲತಾ ಮೊದಲಿನಿಂದ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ತಾನು ಮಾಡಿದ ಮೊದಲ ದೋಣಿಯನ್ನು ತಲೆಕೆಳಗಾಗಿ ಲಾರಿಗೆ ಹೇರಿ ಕಳಿಸಿದಾಗ, ದಾರಿಯ ಪೊಲೀಸರು ಅದರ ಕೆಳಗೆ ಯಾರನ್ನು ಮುಚ್ಚಿಟ್ಟಿದ್ದೀರಿ ಎಂದು ಕೇಳಿದ ಕಥೆ. ಹರಿಣಿಗೆ ನಗು ತಡವಾಗಿ ಬಂತು, ಬಂದಮೇಲೆ ನಿಲ್ಲಲಿಲ್ಲ.

"ಏನು? ಏನಾಯ್ತು?" ಎಂದು ಮೇಲಿನಿಂದ ಅಶ್ವತ್ಥ ಕೂಗಿದ.

"ಇಳಿದು ಬನ್ನಿ" ಎಂದಳು ಹರಿಣಿ, "ಹೇಳ್ತೀವಿ."